ಇಲ್ಲದ ಕೌಂಟಿಯ ಮಾಸ್ತರು

ಅವರ ಹೆಸರು ಬರೆಯುವುದಿಲ್ಲ. "ನಾ ಹೋದಮ್ಯಾಲೆ ಯಾರರ ನನ್ನ ಬಗ್ಗೆ ಬರದರ ಹೆಸರು ಹಾಕಬ್ಯಾಡ್ರಿ. ಬೇಕಾದವರು ಹುಡುಕ್ಯಾಡಲಿ. ಹುಡುಕ್ಯಾಡೋದಕ್ಕನ ಇತಿಹಾಸ ಅಂತಾರ" ಎಂದು ಒಮ್ಮೆ ಬೇಲಿಯ ಆಚೆಯಿಂದ ಹೇಳಿದ್ದರು. ಹೇಳಿದ್ದು ಇಂಗ್ಲಿಷಿನಲ್ಲಿ, ಅದೂ ಐರ್ಲೆಂಡಿನ ಡೊನೆಗಾಲ್ ಕಡೆಯ ಇಂಗ್ಲಿಷಿನಲ್ಲಿ. ಆ ಎಳೆತ, ಆ ಗದರಿಕೆ ನನ್ನ ಕಿವಿಗೆ ಥೇಟ್ ನಮ್ಮ ಸವಣೂರಿನ ಮಾತಿನ ಹಾಗೆಯೇ ಕೇಳುತ್ತಿತ್ತು. ಹಾಗಾಗಿ ಇಲ್ಲಿ ಅವರು ನಮ್ಮೂರ ಕನ್ನಡದಲ್ಲೇ ಮಾತಾಡುತ್ತಾರೆ. ಅವರು 'ಸನ್' ಅಂದಲ್ಲೆಲ್ಲ 'ತಮ್ಮಾ' ಎಂದು ಬರೆದಿದ್ದೇನೆ. ತಪ್ಪಾಗಿದ್ದರೆ ತಪ್ಪು ನನ್ನದು. ತಪ್ಪಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಬರದೆ ಗತಿಯಿಲ್ಲ.

ಲೆಟರ್‌ಕೆನ್ನಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಗೂ ಅವರ ಮನೆಗೂ ನಡುವೆ ಸೊಂಟದೆತ್ತರದ ಒಂದು ಗಿಡದ ಬೇಲಿ. ನಾನು ಐಟಿಯವನು, ಹೆಂಡತಿ ಶೈಲಾ ಮೈಸೂರಿನವಳು, ಅವಳೂ ಐಟಿಯವಳೇ, ನಮಗೊಂದು ಪುಟ್ಟ ಮಗು. ಅವರು ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಶೈಲಾ ಒಮ್ಮೆ ಕೇಳಿಯೇಬಿಟ್ಟಳು. "ಹೊತ್ತು ಸಿಗಲಿಲ್ಲವ್ವಾ. ಒಂದು ಕೌಂಟಿ ಸಾಕೋದು ಅಂದ್ರ ಹುಡುಗಾಟಿಕಿ ಅಲ್ಲ" ಅಂದರು.

ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಅವರು ಹೇಳಿದ್ದು ನಾವಿದ್ದ ಡೊನೆಗಾಲ್ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿದ್ದ ಡಾರ್ಚೆಸ್ಟರ್ ಎಂಬ ಕೌಂಟಿ. 'ಇದ್ದ' ಎಂದೇ ಹೇಳಬೇಕು, ಯಾಕೆಂದರೆ ಈಗ ಅದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಸರಕಾರ ಹಳೆಯ ಕೌಂಟಿಗಳನ್ನೆಲ್ಲ ರದ್ದು ಮಾಡಿ, ಆ ನೆಲವನ್ನು ಹೊಸ ಆಡಳಿತದ ತುಂಡುಗಳಿಗೆ ಹಂಚಿತು. ಡಾರ್ಚೆಸ್ಟರ್ ನಾಲ್ಕು ಕಡೆ ಚದುರಿಹೋಯಿತು. ಹಳ್ಳಿಗಳಿವೆ, ಚರ್ಚುಗಳಿವೆ, ನದಿ ಇದೆ, ಕೌಂಟಿ ಮಾತ್ರ ಇಲ್ಲ. ಆ ಇಲ್ಲದ ಕೌಂಟಿಯ ಇತಿಹಾಸವನ್ನು ಮಾಸ್ತರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬರೆಯುತ್ತಲೇ ಇದ್ದರು.

ಮೊದಲ ಸಲ ಅವರ ಮನೆಗೆ ಹೋದಾಗ ಇಸ್ತ್ರಿ ಮಾಡುತ್ತಿದ್ದರು. ಅಂಗಿಯನ್ನಲ್ಲ, ನಕಾಶೆಯನ್ನು. ಮಡಿಕೆ ಬಿದ್ದ ಹಳೆಯ ನಕಾಶೆಯ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಸಿ ಮೆಲ್ಲಗೆ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದರು. ತಾವು ತೊಟ್ಟ ಅಂಗಿ ನೋಡಿದರೆ ಅದಕ್ಕೆ ಯುಗದಿಂದ ಇಸ್ತ್ರಿ ಮುಟ್ಟಿರಲಿಲ್ಲ. ನಕಾಶೆಯಲ್ಲಿ ನದಿಯಿಂದ ಹೊರಟ ಉದ್ದುದ್ದ ಪಟ್ಟಿಗಳು. ಅಣ್ಣತಮ್ಮಂದಿರು ಬೇರೆಯಾದಾಗ ನಮ್ಮ ಕಡೆ ಹೊಲವನ್ನು ಉದ್ದಕ್ಕೆ ಸೀಳುತ್ತಾರಲ್ಲ, ಹಾಗೆ.

"ಫ್ರೆಂಚರು ಶಾಣ್ಯಾರು. ಪ್ರತಿಯೊಬ್ಬ ರೈತಗೂ ನದಿ ಮುಟ್ಟಬೇಕು ಅಂತ ಹಿಂಗ ಹಂಚ್ಯಾರ. ನಮ್ಮವರು ಹೋಗೂದ್ರಾಗ ನದಿ ಖರ್ಚಾಗಿತ್ತು. ಮ್ಯಾಲೆ ಗುಡ್ಡದಾಗ ಕಲ್ಲು ಸಿಕ್ಕವು."

ನಮ್ಮವರು ಎಂದರೆ ಇಲ್ಲಿಂದ ಹಡಗು ಹತ್ತಿದ ಐರಿಷ್ ಬಡವರು. ಅವರಲ್ಲಿ ಮಾಸ್ತರ ಮುತ್ತಜ್ಜನ ತಮ್ಮನೂ ಒಬ್ಬ. ಫ್ರಾಂಪ್ಟನ್ ಎಂಬ ಗುಡ್ಡದ ಊರಿನಲ್ಲಿ ಮರ ಕಡಿದು, ಕಲ್ಲು ಆರಿಸಿ, ಅಲ್ಲೇ ಸತ್ತ. ಮೊಮ್ಮಕ್ಕಳು ಫ್ರೆಂಚರಾದರು. ಕಾಗದ ಬರುವುದು ನಿಂತಿತು. ತಮಾಷೆಯೆಂದರೆ, ಕೌಂಟಿಗೆ ಯಾವ ಗವರ್ನರನ ಬಿರುದನ್ನು ಹೆಸರಾಗಿ ಇಟ್ಟರೋ ಅವನು ಹುಟ್ಟಿದ್ದು ನಮ್ಮ ಪಕ್ಕದ ಸ್ಟ್ರಬೇನ್‌ನಲ್ಲಿ, ಕಾರಿನಲ್ಲಿ ಅರ್ಧ ಗಂಟೆಯ ದಾರಿ. "ಒಂದ ಸೀಮಿ ಮಂದಿ ನೋಡು. ಒಬ್ಬ ಹೆಸರು ಕೊಟ್ಟ, ಒಬ್ಬ ಹೆಣ ಕೊಟ್ಟ" ಎಂದರು ಮಾಸ್ತರು.

ನಾನು ಸುಮ್ಮನಿರಲಾರದೆ ನನ್ನ ಕಥೆ ಹೇಳಿದೆ. ಸವಣೂರು ಒಂದು ಕಾಲಕ್ಕೆ ನವಾಬರ ಸಂಸ್ಥಾನ. ಸ್ವಾತಂತ್ರ್ಯ ಬಂದ ಮೇಲೆ ಅದು ಹೋಯಿತು. ನಾನು ಹುಟ್ಟಿದ್ದು ಧಾರವಾಡ ಜಿಲ್ಲೆಯಲ್ಲಿ, ಮನೆ ಅಲ್ಲೇ ಇದೆ, ಈಗ ಜಿಲ್ಲೆ ಹಾವೇರಿ. ಪಾಸ್‌ಪೋರ್ಟಿನಲ್ಲಿ ಒಂದಿದ್ದರೆ ಇನ್ನೊಂದು ಕಾಗದದಲ್ಲಿ ಇನ್ನೊಂದು, ವರ್ಕ್ ಪರ್ಮಿಟ್ ಅರ್ಜಿ ಹಾಕುವಾಗ ಜೀವ ತಿಂದುಬಿಟ್ಟಿತ್ತು. ಮಾಸ್ತರು ಇಸ್ತ್ರಿಪೆಟ್ಟಿಗೆ ಬಿಟ್ಟು ಎದ್ದು ಬಂದು ನನ್ನ ಕೈ ಕುಲುಕಿದರು. "ನೀನೂ ಇಲ್ಲದ ಕೌಂಟಿಯವನ ಹಂಗಾರ! ಮೊದಲ ಹೇಳಬಾರದೇನು?" ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಬಟ್ಟೆ ಕಂದಿತ್ತು, ನಕಾಶೆ ಉಳಿದಿತ್ತು.

ಅವರ ಹಸ್ತಪ್ರತಿಯ ಮೊದಲ ಪುಟದಲ್ಲಿ ಅರ್ಪಣೆ ಇರಲಿಲ್ಲ, ಮುನ್ನುಡಿಯೂ ಇರಲಿಲ್ಲ. 'ನನ್ನ ತಪ್ಪುಗಳು' ಎಂಬ ಪಟ್ಟಿ ಇತ್ತು. ಬೇರೆಯವರು ತಿದ್ದುಪಡಿಯನ್ನು ಕಡೆಯ ಪುಟದಲ್ಲಿ, ಕಣ್ಣಿಗೆ ಬೀಳದ ಹಾಗೆ ಹಾಕುತ್ತಾರೆ. ಇವರದು ಬಾಗಿಲಲ್ಲೇ. 'ಈ ಹಳ್ಳಿಯ ಚರ್ಚನ್ನು ಐರಿಷರೇ ಕಟ್ಟಿದರು ಎಂದು ಬರೆದಿದ್ದೆ. ತಪ್ಪು. ಹೆಪ್ಪುಗಟ್ಟಿದ ನದಿಯ ಮೇಲೆ ಮರ ಎಳೆದು ತಂದವರು ಫ್ರೆಂಚ್ ನೆರೆಯವರು.' ಹೀಗೆ ಒಂದರ ಕೆಳಗೊಂದು. ಶಾಲೆಯಲ್ಲೂ ಅದೇ ಹಟವಂತೆ. ತಾನೇ ಯೋಚಿಸಿ ತಪ್ಪು ಇಸವಿ ಬರೆದ ಹುಡುಗನಿಗೆ ಅರ್ಧ ಅಂಕ, ಪಕ್ಕದವನದು ನೋಡಿ ಸರಿ ಇಸವಿ ಬರೆದವನಿಗೆ ಸೊನ್ನೆ. "ತಪ್ಪು ತಿದ್ದಬೌದು ತಮ್ಮಾ. ಸುಳ್ಳಿಗೆ ತಿದ್ದುಪಡಿ ಇಲ್ಲ."

ಆಮೇಲೆ ಕೊರೊನಾ ಬಂತು. ಎಪ್ಪತ್ತು ದಾಟಿದವರೆಲ್ಲ ಮನೆಯೊಳಗೇ ಇರಬೇಕು ಎಂದು ಸರಕಾರ ಹೇಳಿತು, ಅದಕ್ಕೆ 'ಕಕೂನಿಂಗ್' ಎಂದು ಹೆಸರಿಟ್ಟಿತು. ರೇಷ್ಮೆಹುಳುವಿನ ಹಾಗೆ ಗೂಡಿನಲ್ಲಿರಿ ಅಂತ. ಟೀವಿ ನೋಡುತ್ತಿದ್ದ ಶೈಲಾ, "ಗೂಡನ್ನ ಆಮೇಲೆ ಕುದಿಯೋ ನೀರಿಗೆ ಹಾಕ್ತಾರೆ ಅಂತ ಇವ್ರಿಗೆ ಯಾರೂ ಹೇಳಿಲ್ವೇನ್ರೀ?" ಅಂದಳು. ನಕ್ಕೆವು. ನಗಬಾರದಿತ್ತು.

ಮಾಸ್ತರು ಅಡುಗೆಮನೆಯ ಕುರ್ಚಿಯನ್ನು ಹೊಸ್ತಿಲಿಗೆ ತಂದು ಹಾಕಿಕೊಂಡರು. ನಾನು ಬೇಲಿಯ ಈಚೆ ನಿಲ್ಲುತ್ತಿದ್ದೆ. ಹೇಗಿದ್ದೀರಿ ಅಂದರೆ ಯಾವಾಗಲೂ ಒಂದೇ ಉತ್ತರ, "ಗ್ರ್ಯಾಂಡ್." ಈ ದೇಶದಲ್ಲಿ ಜ್ವರ ಬಂದವನೂ ಗ್ರ್ಯಾಂಡ್, ಮನೆ ಬಿದ್ದವನೂ ಗ್ರ್ಯಾಂಡ್. ಮಾತು ಮುಗಿದಾಗ ತೋರುಬೆರಳೊಂದನ್ನು ಎತ್ತುತ್ತಿದ್ದರು. ಇಲ್ಲಿನ ಹಳ್ಳಿ ರಸ್ತೆಗಳಲ್ಲಿ ಎದುರಾದ ಕಾರಿನವನಿಗೆ ಸ್ಟೀರಿಂಗ್ ಮೇಲಿಂದಲೇ ಒಂದು ಬೆರಳು ಎತ್ತುವುದು ನಮಸ್ಕಾರ. ಮಾಸ್ತರಿಗೆ ಕಾರು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಬೆರಳು ಬಿಟ್ಟಿರಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ನನ್ನ ಅಣ್ಣ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಎಲೆ ವ್ಯಾಪಾರಿ. ಸವಣೂರಿನ ವೀಳ್ಯದೆಲೆಯ ಪೆಂಡಿ ಹೊತ್ತು ಊರೂರು ತಿರುಗಿದವನು, ಅವನ ಗುರುತಿಲ್ಲದ ಸಂತೆ ಆ ಸೀಮೆಯಲ್ಲಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹಿಂದೂ ಇರಲಿ ಮುಸ್ಲಿಮ್ ಇರಲಿ, ನಮ್ಮೂರಲ್ಲಿ ಸತ್ತವರ ಮನೆಗೆ ಹೋಗುವುದಕ್ಕೆ 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ಬಂದವರೆಲ್ಲ ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕಿಯೇ ಹೋಗಬೇಕು. ಜನ್ಮದ ಜಗಳ ಆಡಿದವನೂ ಮಣ್ಣು ಕೊಡದೆ ಇರುವುದಿಲ್ಲ. ಅಣ್ಣನಿಗೆ ಒಬ್ಬರೂ ಕೊಡಲಿಲ್ಲ. ಪ್ಲಾಸ್ಟಿಕ್ ಸುತ್ತಿದ ಹೆಣ, ಮುಖ ಕಾಣದ ನಾಲ್ಕು ಜನ, ಒಂದು ಜೆಸಿಬಿ. ವಾಟ್ಸ್ಯಾಪಿನಲ್ಲಿ ವಿಡಿಯೋ ಬಂತು. ವಿಮಾನ ಇರಲಿಲ್ಲ. ಇದ್ದಿದ್ದರೂ ಯಾತಕ್ಕೆ ಹೋಗುವುದು?

ಮಾಸ್ತರಿಗೆ ಶೈಲಾ ಹೇಳಿದಳು. ಅವರು ಕುರ್ಚಿಯನ್ನು ಹೊಸ್ತಿಲಿಂದ ಎತ್ತಿ ತಂದು ಬೇಲಿಗೆ ಒತ್ತಿ ಹಾಕಿಕೊಂಡರು. ಸಣ್ಣಗೆ ಮಳೆ ಬರುತ್ತಿತ್ತು. ಕೊಡೆ ಬಿಡಿಸಿ ಮಧ್ಯಾಹ್ನವಿಡೀ ಕೂತರು. ಇವರಲ್ಲೂ ಹೆಣದ ಜೊತೆ ಕೂರುವ ಪದ್ಧತಿ ಇದೆ, ಅದನ್ನೂ ಕೊರೊನಾ ನಿಲ್ಲಿಸಿತ್ತು. ಕಡೆಗೆ ಕೇಳಿದರು, "ಊರಾಗ ಇದ್ದಿದ್ರ ಏನು ಮಾಡ್ತಿದ್ದಿ?" ಮಣ್ಣು ಕೊಡುವುದನ್ನು ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ನಲವತ್ತು ವರ್ಷದ ಗಂಡಸು ಬೇಲಿ ಹಿಡಿದುಕೊಂಡು ಕೂಸಿನ ಹಾಗೆ ಅತ್ತೆ.

ಮೂರು ನಾಲ್ಕು ವಾರದ ಮೇಲೆ ಮಾಸ್ತರು ಬೇಲಿಯ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ದಾಟಿಸಿದರು. ಕೆಂಪು ತಗಡಿನದು, ಅದರ ಮೇಲೆ ಕುದುರೆಗಾಡಿಯ ಚಿತ್ರ. ಒಳಗೆ ಬಿಸ್ಕತ್ತಿರಲಿಲ್ಲ, ಕಂದು ಮಣ್ಣಿತ್ತು.

"ಫ್ರಾಂಪ್ಟನ್ ಸ್ಮಶಾನದ ಮಣ್ಣು. ರಿಟೈರ್ ಆದಮ್ಯಾಲೆ ಒಮ್ಮೆ ಹೋಗಿದ್ದೆ. ಮುತ್ತಜ್ಜನ ತಮ್ಮಗ ಕಲ್ಲಿಲ್ಲ, ಗುರ್ತಿಲ್ಲ. ಕಟಿಗಿ ಶಿಲುಬೆ ಇತ್ತಂತ, ಎಂದೋ ಕೊಳತು ಹೋಗೈತಿ. ಅಲ್ಲಿಯ ಪಾದ್ರಿಯವರು ಇಷ್ಟು ಒಯ್ಯಿ ಅಂದ್ರು. ಇದು ನನ್ನ ಜೋಡಿ ಹೋಗಬೇಕು. ಮಣ್ಣು ಕೊಡೋದು ಹೆಂಗ ಅಂತ ನಿನಗ ಗೊತ್ತೈತಿ, ನಮ್ಮವರಿಗೆ ಗೊತ್ತಿಲ್ಲ. ಕೊಡ್ತೀಯಲ್ಲಾ?"

"ಕೊಡ್ತೀನ್ರೀ ಮಾಸ್ತರ" ಅಂದೆ. ಮಾತು ಕೊಟ್ಟೆ. ಅವರಿಗೆ ಈ ಲೋಕದಲ್ಲಿ ಇನ್ನು ಬೇಕಾಗಿದ್ದದ್ದು ಅದೊಂದೇ.

ಈಗ ನನ್ನ ಪೌರುಷ ಕೇಳಿ. ಸ್ಮಶಾನದ ಮಣ್ಣನ್ನು ಮನೆಯೊಳಗೆ ಇಡುವುದುಂಟೇ? ಶೈಲಾ ಎಂಟೆಕ್ ಮಾಡಿದ್ದಾಳೆ, ಆದರೆ ಸಾವಿನ ಮನೆಗೆ ಹೋಗಿಬಂದರೆ ಸ್ನಾನ ಮಾಡದೆ ನೀರಿನ ಲೋಟ ಮುಟ್ಟಗೊಡುವವಳಲ್ಲ. ಮಗು ಓಡಾಡುವ ಮನೆ, ಹೊರಗೆ ನೋಡಿದರೆ ಮಾರಿ. ಹೇಳಿದ್ದರೆ ರಂಪವಾಗುತ್ತಿತ್ತು.

"ಏನ್ರೀ ಅದು?" ಅಂದಳು.

"ಮಾಸ್ತರು ಕೊಟ್ರು. ಗಿಡಕ್ಕೆ ಒಳ್ಳೇ ಮಣ್ಣಂತೆ. ಇರ್ಲಿ ಬಿಡು" ಅಂದೆ. ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ಇಟ್ಟೆ. ಇಷ್ಟೇ ನಾನು ಮಾಡಿದ್ದು.

ಕ್ರಿಸ್‌ಮಸ್ ಕಳೆದದ್ದೇ ಮತ್ತೆ ಬೀಗ ಬಿತ್ತು, ಈ ಸಲ ಹಿಂದಿಗಿಂತ ಬಿಗಿ. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಸೊಪ್ಪಿನ ಮುಖ ನೋಡಿ ತಿಂಗಳುಗಳಾಗಿದ್ದವು. ಹೊರದೇಶದ ಯಾವ ಕನ್ನಡತಿಯೂ ಮಾಡುವುದನ್ನೇ ಶೈಲಾ ಮಾಡಿದಳು. ಸಾಂಬಾರ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತೆಗೆದು ನೆನೆಹಾಕಿ, ಐಸ್‌ಕ್ರೀಮಿನ ಖಾಲಿ ಡಬ್ಬದಲ್ಲಿ ಬಿತ್ತಿದಳು. ಗಿಡದಂಗಡಿ ಮುಚ್ಚಿತ್ತು. ಚೀಲದ ತಳದಲ್ಲಿ ಉಳಿದ ಗೊಬ್ಬರ ಸಾಲಲಿಲ್ಲ. ಕಿಟಕಿಯಲ್ಲಿ ಗಿಡಕ್ಕೆ ಒಳ್ಳೆಯದೆಂದು ಗಂಡನೇ ಹೇಳಿದ ಮಣ್ಣಿತ್ತು. ಅವಳದೇನು ತಪ್ಪು?

ಕಿಟಕಿಯಲ್ಲಿ ಹಸಿರು ಎದ್ದದ್ದನ್ನು ನಾನೂ ನೋಡಿದೆ. ಚಿಗುರು ಸೊಪ್ಪಿನ ಮೆಂತ್ಯ ಚಪಾತಿಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದೆ. ನನ್ನ ಕಣ್ಣಿಗೆ ಏನು ಬಡಿದಿತ್ತೋ, ಡಬ್ಬಿ ಜಾಗದಲ್ಲಿಲ್ಲ ಎಂಬುದು ಹೊಳೆಯಲೇ ಇಲ್ಲ. ಆಮೇಲೊಂದು ಸಂಜೆ ಚಹಾ ಜೊತೆಗೆ ಶೈಲಾ ಟೇಬಲ್ಲಿನ ಮೇಲೆ ಕೆಂಪು ಡಬ್ಬಿ ತಂದಿಟ್ಟು ಮುಚ್ಚಳ ತೆಗೆದಳು. ಒಳಗೆ ಒಗ್ಗರಣೆ ಅವಲಕ್ಕಿ. ಕುದುರೆಗಾಡಿಯ ಚಿತ್ರ ಸೋಪು ಹಚ್ಚಿ ತೊಳೆದು ಫಳಫಳ ಹೊಳೆಯುತ್ತಿತ್ತು.

"ಇದ್ರೊಳಗಿದ್ದ ಮಣ್ಣು?"

"ಮೆಂತ್ಯಕ್ಕೆ ಹಾಕ್ದೆ. ಪರವಾಗಿಲ್ಲ ಮಣ್ಣು, ಚೆನ್ನಾಗಿ ಬಂತು. ಮಾಸ್ತರಿಗೂ ನಾಲ್ಕು ಚಪಾತಿ ಕೊಟ್ಟೆ, ನೀವು ಆಫೀಸ್ ಕಾಲ್‌ನಲ್ಲಿದ್ರಿ. ಯಾಕೆ, ಏನಾಯ್ತು?"

"ಏನಿಲ್ಲ" ಅಂದೆ.

ಮಾಸ್ತರಿಗೆ ಹೇಳಿಬಿಡಬೇಕು ಎಂದು ಎಷ್ಟು ಸಲ ಬೇಲಿಯ ಹತ್ತಿರ ಹೋದೆನೋ. ಒಂದು ದಿನ ಚಳಿಯ ಬಗ್ಗೆ ಮಾತಾಡಿ ಬಂದೆ. ಒಂದು ದಿನ ಲಸಿಕೆಯ ಬಗ್ಗೆ. ಇನ್ನೊಂದು ದಿನ ಕಸದ ಗಾಡಿ ಬರಲಿಲ್ಲವಲ್ಲ ಎಂದು ಕೇಳಿದೆ, ಥೂ. ನಾನು ಹೊರಡಲು ತಿರುಗಿದಾಗಲೆಲ್ಲ ಅವರು ನನ್ನ ಮುಖವನ್ನೇ ನೋಡುತ್ತ, "ಮತ್ತೇನು ತಮ್ಮಾ?" ಅನ್ನುತ್ತಿದ್ದರು. "ಮತ್ತೇನಿಲ್ರೀ" ಅಂತ ನಾನು. ಬೆರಳು ಎತ್ತುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಅವರ ಗೇಟಿನಲ್ಲಿ ಆಂಬುಲೆನ್ಸ್ ನಿಂತಿತ್ತು. ಮೂರು ದಿನದಿಂದ ಜ್ವರವಂತೆ. ಕೇಳಿದಾಗಲೆಲ್ಲ ಗ್ರ್ಯಾಂಡ್ ಅಂದಿದ್ದರು. ಗಾಲಿಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಕೊಳವೆ ಹಾಕಿ ಕರೆತಂದರು. ನನ್ನನ್ನು ಕಂಡು ನಿಲ್ಲಿಸಿ ಎಂದು ಕೈ ಮಾಡಿದರು. ನಡುವೆ ಎರಡು ಮೀಟರ್. ಮಾತು ಬಿಡಿಬಿಡಿಯಾಗಿ ಬರುತ್ತಿತ್ತು.

"ತಮ್ಮಾ. ಡಬ್ಬಿ ಐತಲ್ಲಾ?"

"ಐತ್ರೀ ಮಾಸ್ತರ. ಹಂಗ ಐತಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಂಬಳಿಯ ಮೇಲಿಂದ ಬೆರಳೊಂದು ಎದ್ದಿತು. ಬಾಗಿಲು ಮುಚ್ಚಿತು. ಒಂಬತ್ತನೆಯ ದಿನ ಹೋದರು.

ಮಣ್ಣಿಗೆ ಹತ್ತೇ ಜನ ಎಂದು ಆಗ ಕಟ್ಟಪ್ಪಣೆ. ನಾನು ಯಾರು, ಬಾಡಿಗೆ ಮನೆಯವನು, ಹೆಚ್ಚೆಂದರೆ ಹೆಣದ ಗಾಡಿ ಹೋಗುವಾಗ ರಸ್ತೆ ಬದಿಯಲ್ಲಿ ನಿಲ್ಲುವವನು ಅಂದುಕೊಂಡಿದ್ದೆ. ಸತ್ಯ ಹೇಳಬೇಕೆಂದರೆ ಒಳಗೊಳಗೆ ಹಗುರವೂ ಆಗಿತ್ತು. ಆದರೆ ಹತ್ತಿರದ ಡೆರ್ರಿ ಪಟ್ಟಣದಿಂದ ಅವರ ತಂಗಿಯ ಮಗಳು ಫೋನ್ ಮಾಡಿದಳು. ಹತ್ತನೆಯ ಜಾಗ ನಿಮ್ಮದು, ಆಸ್ಪತ್ರೆಯಿಂದಲೇ ಹೇಳಿ ಬರೆಸಿದ್ದಾರೆ, ನಿಮಗೇನೋ ಕೆಲಸವಿದೆಯಂತೆ ಅಂದಳು. ಅವಳ ಸ್ವಂತ ಗಂಡ ನನಗಾಗಿ ಸ್ಮಶಾನದ ಗೇಟಿನ ಹೊರಗೆ ಕಾರಿನಲ್ಲಿ ಕೂತ.

ಬೆಳಿಗ್ಗೆ ಶೈಲಾ ಮೇಲಿನ ಕೋಣೆಯಲ್ಲಿ ಮೀಟಿಂಗಿನಲ್ಲಿದ್ದಾಗ ಅವಲಕ್ಕಿಯನ್ನು ಪಾತ್ರೆಗೆ ಸುರಿದೆ. ಐಸ್‌ಕ್ರೀಮ್ ಡಬ್ಬದ ಮಣ್ಣನ್ನು ಕೆಂಪು ಡಬ್ಬಿಗೆ ಬಗ್ಗಿಸಿದೆ. ಯಾವುದು ಫ್ರಾಂಪ್ಟನ್, ಯಾವುದು ಅಂಗಡಿಯ ಗೊಬ್ಬರ ಎಂದು ಹೇಗೆ ಬೇರೆ ಮಾಡಲಿ? ಬೆರಳಿನಿಂದ ಕೆದಕಿದೆ, ಬರೀ ಬೇರು. ಅವಲಕ್ಕಿಯ ಅರಿಶಿನ ಡಬ್ಬಿಯ ಅಂಚಿಗೆ ಹತ್ತಿಕೊಂಡಿತ್ತು.

ಪೆಟ್ಟಿಗೆ ಇಳಿಸಿದರು. ನನಗೆ ಕಣ್ಣಸನ್ನೆಯಾಯಿತು. ಮುಚ್ಚಳ ತೆಗೆದೆ. ಮಣ್ಣು ಉದುರಲಿಲ್ಲ, ಬೇರು ಹಿಡಿದುಕೊಂಡು ಮುದ್ದೆಯಾಗಿ ಬಂತು, ಅದರ ಮೇಲೆ ಎರಡು ಹಸಿರು ಎಲೆ. ಮುದ್ದೆಯನ್ನು ಕೈಯಲ್ಲಿ ಹಿಸುಕಿ ಹಿಡಿಹಿಡಿಯಾಗಿ ಹಾಕಿದೆ. ಒಂದು ಹಿಡಿಯನ್ನು ಮನಸ್ಸಿನಲ್ಲೇ ಅಣ್ಣನಿಗೆ ಹಾಕಿದೆ. ಸುತ್ತ ನಿಂತ ಒಂಬತ್ತು ಮಾಸ್ಕುಗಳಲ್ಲಿ ಯಾರೂ ಏನೂ ಕೇಳಲಿಲ್ಲ.

ಗೇಟಿನ ಬಳಿ ತಂಗಿಯ ಮಗಳೇ ಮಾತು ತೆಗೆದಳು. "ಮಾಮಾ ಹೇಳಿದ್ರು, ಅವ ಡಬ್ಬಿ ತರ್ತಾನ, ಒಳಗ ಏನೈತಿ ಅಂತ ಕೇಳಬ್ಯಾಡ ಅಂತ. ಕೇಳೂದಿಲ್ಲ. ಆದ್ರ ಇದೊಂದು ನನಗ ತಿಳೀವಲ್ದು." ಮಾಸ್ತರ ಹಸ್ತಪ್ರತಿ ಲೈಬ್ರರಿಗೆ ಹೋಗುವುದಿತ್ತು, ಮೊದಲ ಪುಟದ ಫೋಟೊ ತೆಗೆದುಕೊಂಡಿದ್ದಳಂತೆ. ಫೋನ್ ಚಾಚಿ ತೋರಿಸಿದಳು. 'ನನ್ನ ತಪ್ಪುಗಳು' ಪಟ್ಟಿಯ ಕಟ್ಟಕಡೆಗೆ, ನಡುಗುವ ಅಕ್ಷರದಲ್ಲಿ, ಜನವರಿ ಕೊನೆಯ ತಾರೀಖು ಹಾಕಿ ಹೀಗೆ ಬರೆದಿತ್ತು: 'ಫ್ರಾಂಪ್ಟನ್ನಿನ ಗುಡ್ಡದ ಮಣ್ಣಿನಲ್ಲಿ ಕಲ್ಲು ಬಿಟ್ಟು ಏನೂ ಬೆಳೆಯದು ಎಂದು ಮೂರನೆಯ ಅಧ್ಯಾಯದಲ್ಲಿ ಬರೆದಿದ್ದೇನೆ. ತಪ್ಪು. ಮೆಂತ್ಯ ಬೆಳೆಯುತ್ತದೆ. ತಿಂದು ನೋಡಿದ್ದೇನೆ.'

ಮೆಂತ್ಯ ಅಂದರೆ ನಮ್ಮ ಕಡೆಯ ಒಂದು ಸೊಪ್ಪು ಎಂದಷ್ಟೇ ಅವಳಿಗೆ ಹೇಳಿದೆ.

ಮನೆಗೆ ಬಂದು ಶೈಲಾಳನ್ನು ಕೇಳಿದೆ, ಚಪಾತಿ ಕೊಟ್ಟ ದಿನ ಮಾಸ್ತರು ಏನಾದರೂ ಅಂದರಾ ಅಂತ.

"ಯಾವ ಮಣ್ಣಲ್ಲಿ ಬೆಳೆದ್ರಿ ಅಂತ ಕೇಳಿದ್ರು. ನೀವೇ ಕೊಟ್ಟಿದ್ರಲ್ಲ, ಡಬ್ಬೀಲಿ, ಅದ್ರಲ್ಲೇ ಅಂದೆ. ಆಮೇಲೆ ಅಲ್ಲೇ ಒಂದು ಮುರಿದು ಬಾಯಿಗೆ ಹಾಕ್ಕೊಂಡ್ರು. ಗ್ರ್ಯಾಂಡ್ ಅಂದ್ರು. ಯಾಕ್ರೀ?"

ಎಂದರೆ ಮಾಸ್ತರಿಗೆ ಅಂದಿನಿಂದಲೂ ಗೊತ್ತಿತ್ತು. ಪ್ರತಿ ಸಲ "ಮತ್ತೇನು ತಮ್ಮಾ?" ಅಂದಾಗಲೂ ಗೊತ್ತಿತ್ತು. ಮೂಗಿನಲ್ಲಿ ಕೊಳವೆ ಇಟ್ಟುಕೊಂಡು, ಉಸಿರು ಕೂಡಿಸಿಕೊಂಡು ಡಬ್ಬಿ ಐತಲ್ಲಾ ಎಂದು ಕೇಳಿದ್ದು ಡಬ್ಬಿಯ ಚಿಂತೆಯಿಂದಲ್ಲ. ನನಗೆ ತಿದ್ದಿಕೊಳ್ಳಲು ಕೊಟ್ಟ ಕಡೆಯ ಅವಕಾಶ ಅದು. ಸಾಯಲು ಹೊರಟ ಮನುಷ್ಯ ನನಗಾಗಿ ಗಾಡಿ ನಿಲ್ಲಿಸಿದ್ದ. ನಾನು ಅವನ ಮುಖಕ್ಕೇ ಸುಳ್ಳು ಹೇಳಿದೆ. ಅಷ್ಟಾದ ಮೇಲೂ ಅವರು ನನ್ನ ಹೆಸರನ್ನು ಹತ್ತನೆಯ ಜಾಗದಲ್ಲಿ ಬರೆಸಿದರು. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವೇ ಹೊರತು ಸಮಾಧಾನವಾಗುವುದಿಲ್ಲ.

ಅದು ಸ್ಮಶಾನದ ಮಣ್ಣು ಎಂದು ಶೈಲಾಗೆ ಇನ್ನೂ ಹೇಳಿಲ್ಲ. ಅವಳು ಕನ್ನಡ ಓದುತ್ತಾಳೆ, ಇದನ್ನೂ ಓದುತ್ತಾಳೆ. ಆಮೇಲೆ ಏನಾಗಬೇಕೋ ಆಗಲಿ. ಆಂಬುಲೆನ್ಸ್ ಬಂದ ಆ ಬೆಳಿಗ್ಗೆ ಅವರ ಗೇಟಿನ ಬಳಿ ನಾನು ಹೇಳಬೇಕಾಗಿದ್ದದ್ದು ನಾಲ್ಕೇ ಮಾತು, ಅದಕ್ಕೇನು ಉಸಿರು ಖರ್ಚಾಗುತ್ತಿರಲಿಲ್ಲ: ಇಲ್ರೀ ಮಾಸ್ತರ. ಹಂಗ ಇಲ್ಲ.